ಎರಡು ನಿಮಿಷ ಮೊದಲು ಬರುವ ಗಂಡ

ಸೈಲೆನ್ಸರ್ ಬದಲಾಯಿಸುವವನು ಯಾವನೂ ಗಾಡಿಯ ಸದ್ದು ಕಡಿಮೆಯಾಗಲಿ ಎಂದು ಬದಲಾಯಿಸುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲವೆಂದರೆ ನೀವು ಕಿಟಕಿ ಮುಚ್ಚಿಕೊಂಡು ಬದುಕುತ್ತಿದ್ದೀರಿ ಎಂದರ್ಥ. ಗಾಡಿ ಮಾಡಿದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಕೊಳವೆಯೊಳಗೆ ಕೊಳವೆ ಕೂರಿಸಿ, ಹುಲಿಯಂಥ ಇಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟುವಂತೆ ಮಾಡಿ ಕೊಟ್ಟಿರುತ್ತಾರೆ. ನಾವು ಅದನ್ನು ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದು, ಹುಲಿಯನ್ನು ವಾಪಸು ಕರೆಯುತ್ತೇವೆ. ಇಂಥವರನ್ನು ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನು ಚೆನ್ನಾಗಿ ಜಾಡಿಸಿದ್ದೆ. ("ಬೀದಿಯಲ್ಲಿ ಗುಡುಗುವವನ ಮಾತನ್ನು ಅವನ ಮನೆಯಲ್ಲಿ ಯಾರೂ ಕೇಳುವುದಿಲ್ಲ" ಎಂಬ ನನ್ನ ವಾಕ್ಯವನ್ನು ಮೆಚ್ಚಿ ಹನ್ನೊಂದು ಜನ ಕಾಗದ ಬರೆದಿದ್ದರು.) ಈಗ ತಪ್ಪೊಪ್ಪಿಗೆ: ನಾನೂ ಹಾಕಿಸಿದ್ದೇನೆ. ಒಂದಲ್ಲ, ಎರಡು. ಎಡಕ್ಕೊಂದು, ಬಲಕ್ಕೊಂದು.

ಹೊಟ್ಟೆಪಾಡಿಗೆ ನಾನು ತಕ್ಕಡಿ ರಿಪೇರಿಯವನು. ಅಂಗಡಿ, ಗಿರಣಿ, ಗೋದಾಮುಗಳ ತೂಕದ ಯಂತ್ರ ಸರಿಯಾಗಿ ತೂಗುತ್ತಿದೆಯೇ ಎಂದು ನೋಡುವುದು, ಕೆಟ್ಟಿದ್ದರೆ ಸರಿಮಾಡುವುದು, ಕೆಡಿಸಿಟ್ಟಿದ್ದರೆ ಜಗಳವಾಡುವುದು. ಶಾಲೆ ಏಳನೇ ಕ್ಲಾಸಿಗೇ ಮುಗಿಯಿತು. ಉಳಿದದ್ದನ್ನೆಲ್ಲ ದಿನಸಿ ಕಟ್ಟಿಕೊಡುತ್ತಿದ್ದ ಹಳೆಯ ಪೇಪರುಗಳಲ್ಲಿ ಓದಿ ಕಲಿತೆ. (ಹಾಗಾಗಿ ನನ್ನ ಜ್ಞಾನಕ್ಕೆ ಅಲ್ಲಲ್ಲಿ ಎಣ್ಣೆ ಕಲೆಯಿದೆ, ಕೆಲವು ವಿಷಯ ಅರ್ಧಕ್ಕೇ ಹರಿದಿದೆ.) ವಾರದಲ್ಲಿ ಮೂರ್ನಾಲ್ಕು ದಿನ ಊರೂರು ಸುತ್ತಬೇಕಾದ್ದರಿಂದ ದೂರದ ಓಡಾಟಕ್ಕೆಂದೇ ಮಾಡಿದ ದೊಡ್ಡ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದೇನೆ. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಪಕ್ಕ ಬೀಗದ ಪೆಟ್ಟಿಗೆ. ಎಡದ ಪೆಟ್ಟಿಗೆಯಲ್ಲಿ ತೂಕದ ಕಲ್ಲುಗಳು, ಬಲದಲ್ಲಿ ಸ್ಪ್ಯಾನರು ಮತ್ತು ಬನಿಯನ್ನು. ಹಿಂದಿನ ಸೀಟು ಸೋಫಾದಂತೆ ಅಗಲವಾಗಿದ್ದು, ಒರಗಿಕೊಳ್ಳಲು ದಿಂಬೂ ಇದೆ. ಆ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಕೂರುವವರು ಬಂದಾಗ ತೆಗೆದರಾಯಿತೆಂದು ಆರು ವರ್ಷದಿಂದ ಬಿಟ್ಟಿದ್ದೇನೆ.

ಈ ಗಾಡಿಯ ದೊಡ್ಡ ದೋಷ ಅದರ ಸಜ್ಜನಿಕೆ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ, ಅವಳಮ್ಮ ಅಂದರೆ ನಮ್ಮ ಅತ್ತೆ ಗುಂಡಿ ಹಚ್ಚುತ್ತಾರೆ. ಹೋದ ಬೇಸಿಗೆಯಲ್ಲಿ ನಾಲ್ಕು ದಿನದ ಸುತ್ತಾಟ ಮುಗಿಸಿ, ಮೈತುಂಬ ಧೂಳಾಗಿ ಬಂದು ಬಾಗಿಲಲ್ಲಿ ನಿಂತೆ. ಹೆಂಡತಿ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಹಾಲಿನವರಾ? ಪಾತ್ರೆ ಅಲ್ಲೇ ಇದೆ ನೋಡಿ, ಹಾಕ್ಬಿಟ್ಟು ಹೋಗಿ."

"ನಾನು ಕಣೇ."

"ಓ, ನೀವಾ. ಒಳಗೆ ಮಲಗಿದ್ದೀರಿ ಅಂದ್ಕೊಂಡಿದ್ದೆ."

"ನಾನು ಊರಲ್ಲೇ ಇರಲಿಲ್ಲ. ನಾಲ್ಕು ದಿನ ಆಯ್ತು."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಸರಿಹೋಗಿರಬೇಕು. "ಅಮ್ಮ, ಇವರು ಊರಿಗೆ ಹೋಗಿದ್ರಂತೆ."

ಅತ್ತೆ ಸೂಜಿಗೆ ದಾರ ಪೋಣಿಸುತ್ತ, "ಹೌದಾ? ಒಳ್ಳೇದಾಯ್ತು ಬಿಡು. ವಾಪಸು ಯಾವಾಗ ಬರ್ತಾರಂತೆ?" ಎಂದರು.

"ಇಲ್ಲೇ ನಿಂತಿದ್ದೀನಿ ಅತ್ತೆ."

"ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಅಳಿಯಂದ್ರೇ, ಬೆಳಕು ಅಡ್ಡ ಆಗ್ತಿದೆ."

ಅಂದು ಕೈಕಾಲು ತೊಳೆಯುತ್ತ ಬಚ್ಚಲಲ್ಲಿ ನನಗೆ ಜ್ಞಾನೋದಯವಾಯಿತು. ನನ್ನಲ್ಲಿ ಕೊರತೆಯೇನೂ ಇಲ್ಲ. ಕೊರತೆ ಇರುವುದು ಆಗಮನದಲ್ಲಿ. ರಾಜರು ಬರುವಾಗ ಮುಂದೆ ಕಹಳೆ ಊದುತ್ತಿದ್ದರು. ಕಹಳೆಯಿಲ್ಲದ ರಾಜನಿಗೂ ಹಾಲಿನವನಿಗೂ ವ್ಯತ್ಯಾಸವೇನು? (ಹಾಲಿನವನಿಗೆ ಸೈಕಲ್ ಬೆಲ್ಲಾದರೂ ಇದೆ.)

"ಗಾಡಿ ಸೈಲೆನ್ಸರ್ ಬದಲಾಯಿಸ್ತೀನಿ," ಎಂದೆ ಊಟಕ್ಕೆ ಕೂತಾಗ.

"ಇರೋದಕ್ಕೇನಾಯ್ತು?" ಎಂದಳು ಹೆಂಡತಿ.

"ಸದ್ದೇ ಮಾಡಲ್ಲ."

"ಅದಕ್ಕೇ ಅಲ್ವಾ ಅದಿರೋದು?"

"ದೊಡ್ಡ ರಸ್ತೇಲಿ ಲಾರಿಯವರಿಗೆ ನಾವು ಬರೋದು ಗೊತ್ತಾಗ್ಬೇಕು. ಸುರಕ್ಷತೆ ವಿಷಯ ಇದು."

"ಲಾರಿಯವರಿಗೆ ಗೊತ್ತಾಗ್ಲಿ ಅಂತ ಊರಿಗೆಲ್ಲ ಹೇಳ್ಬೇಕಾ? ಪೇಪರಲ್ಲಿ ನೀವೇ ಅದೇನೋ ಬರೆದಿದ್ರಲ್ಲ."

"ಅದು ಬೇರೆ."

"ಸರಿ," ಎಂದಳು. ಅವಳು ಸರಿ ಎಂದರೆ ಮಾತು ಮುಗಿಯಿತು ಎಂದು ಅರ್ಥ. ನಮ್ಮ ಮನೆಯಲ್ಲಿ ಮಾತು ಹೀಗೆ ಬೇಗ ಮುಗಿಯುತ್ತದೆ. ಮದುವೆಯಾದ ಮೊದಲ ಒಂದೆರಡು ವರ್ಷ ಊಟದ ತಟ್ಟೆ ಒಣಗುವವರೆಗೂ ಮಾತಾಡುತ್ತಿದ್ದಳು ಎಂದು ನನಗೆ ನೆನಪು. ಆಮೇಲೆ ಎಲ್ಲೋ, ಯಾವ ತಿಂಗಳೋ ಗೊತ್ತಿಲ್ಲ, ಅದು ನಿಂತುಹೋಯಿತು. ನಿಂತ ದಿನ ನಾನು ಊರಲ್ಲಿದ್ದೆನೋ ಇಲ್ಲವೋ.

ಸೈಲೆನ್ಸರ್ ಮೇಸ್ತ್ರಿಯ ಅಂಗಡಿಯ ಗೋಡೆಯ ತುಂಬ ಕೊಳವೆಗಳು ನೇತಾಡುತ್ತಿದ್ದವು. ಮೂವತ್ತು ವರ್ಷ ಅವುಗಳ ನಡುವೆಯೇ ಕೂತು ಆತನ ಕಿವಿ ಮುಕ್ಕಾಲು ಹೋಗಿದೆ. ಹಾಗಾಗಿ ಅವನು ಸದ್ದನ್ನು ಅಂಗೈಯಲ್ಲಿ ಕೇಳುತ್ತಾನೆ. ಕೊಳವೆಯ ಬಾಯಿಗೆ ಒಂದು ಗೇಣು ದೂರದಲ್ಲಿ ಕೈ ಹಿಡಿದು, ವೈದ್ಯರು ನಾಡಿ ನೋಡುವ ಹಾಗೆ ಕಣ್ಣು ಮುಚ್ಚುತ್ತಾನೆ. ಪ್ರತಿಯೊಂದಕ್ಕೂ ಅವನದೇ ಹೆಸರುಗಳು.

"ಈ ಗಿಡ್ಡದು ವಕೀಲರು ಸಾರ್. ಬಾಯಿ ಮುಚ್ಚೋದೇ ಇಲ್ಲ, ಆದ್ರೆ ಮಾತಲ್ಲಿ ತೂಕ ಇಲ್ಲ. ಈ ಉದ್ದದ್ದು ಸಂಗೀತದ ಮೇಷ್ಟ್ರು. ನಿಧಾನಕ್ಕೆ ಹೋದ್ರೆ ಚಂದ, ಏರು ಸಿಕ್ಕಿದ್ರೆ ಗಂಟಲು ಒಡೆಯುತ್ತೆ."

"ಅದು?"

"ಅದು ದೊಡ್ಡಪ್ಪ." ಅವನ ದನಿಯಲ್ಲಿ ಗೌರವ ಬಂತು. "ದೊಡ್ಡಪ್ಪ ಮನೆಗೆ ಬರೋ ಮುಂಚೆ ಬೀದೀಲೇ ಕೆಮ್ತಾರಲ್ಲ, ಒಳಗಿರೋರೆಲ್ಲ ಎದ್ದು ನಿಲ್ತಾರಲ್ಲ, ಆ ಥರ. ಜೋರಲ್ಲ ಸಾರ್, ದಪ್ಪ. ಗೋಡೆ ದಾಟುತ್ತೆ."

ನನ್ನ ಎದೆ ಹಿಗ್ಗಿತು. ಆದರೆ ನಾನು ತಕ್ಕಡಿಯವನು, ಪರೀಕ್ಷೆಯಿಲ್ಲದೆ ಏನನ್ನೂ ಒಪ್ಪುವವನಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದ ಸದ್ದುಗಳನ್ನು ಹೊರತೆಗೆದೆ: ಹೊಲಿಗೆ ಮೆಷಿನ್ನು, ಅಡುಗೆಮನೆಯ ಮಿಕ್ಸಿ, ಅತ್ತೆಯ ಟಿವಿ. ಮೇಸ್ತ್ರಿಯ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಮೂರನ್ನೂ ಒಂದಾದ ಮೇಲೊಂದು ಹಾಕಿ, "ಈಗ ಕೊಡಿ" ಎಂದು ಕೂಗಿದೆ. ಹೊರಗೆ ಅವನು ಒಂದೊಂದನ್ನೇ ಗಾಡಿಗೆ ಸಿಕ್ಕಿಸಿ ಗುಡುಗಿಸಿದ. ವಕೀಲರು ಮಿಕ್ಸಿಯಲ್ಲಿ ನುಣ್ಣಗಾದರು. ಸಂಗೀತದ ಮೇಷ್ಟ್ರು ಧಾರಾವಾಹಿಯ ಅಳುವಿನಲ್ಲಿ ಕರಗಿಹೋದರು. ದೊಡ್ಡಪ್ಪ ಮಾತ್ರ ಮಿಕ್ಸಿಯನ್ನೂ ಅಳುವನ್ನೂ ತಳ್ಳಿಕೊಂಡು ಒಳಗೆ ಬಂದು, ನನ್ನ ಪಕ್ಕದ ರಟ್ಟಿನ ಡಬ್ಬಿಗಳನ್ನು ನಡುಗಿಸಿದರು.

ಹೊರಗೆ ಬಂದಾಗ ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. "ಗಾಡಿ ಮೇಲೆ ಕೂತು ಕೇಳೋರನ್ನ ನೋಡಿದ್ದೀನಿ ಸಾರ್. ರಸ್ತೇಲಿ ನಿಂತು ಕೇಳೋರನ್ನೂ ನೋಡಿದ್ದೀನಿ. ಕೋಣೆ ಬಾಗಿಲು ಹಾಕ್ಕೊಂಡು ಕೇಳೋರು ನೀವೇ ಮೊದಲು. ಯಾರಿಗೆ ಕೇಳಿಸ್ಬೇಕು?"

"ಲಾರಿಯವರಿಗೆ."

"ಲಾರಿಯವರ ಅಡುಗೆಮನೇಲಿ ಮಿಕ್ಸಿ ಇರುತ್ತಾ?"

ಕಿವಿ ಕೇಳಿಸದಿದ್ದರೂ ಕೆಲವರಿಗೆ ಬೇಡದ್ದೆಲ್ಲ ಕೇಳಿಸುತ್ತದೆ.

ಪೆಟ್ಟಿಗೆಗೆ ಬಿಸಿ ತಾಗದಂತೆ ಎರಡು ಬೆರಳು ಜಾಗ ಬಿಟ್ಟು ಎರಡೂ ಕಡೆ ಕೂರಿಸಿದ ಮೇಲೆ ಅವನು ಕೇಳಿದ: "ಒಳಗೊಂದು ಸಣ್ಣ ಕೊಳವೆ ಇದೆ, ಸದ್ದು ಅರ್ಧ ಮಾಡೋಕೆ. ಇರ್ಲಾ, ತೆಗೀಲಾ?" ನನ್ನ ಆತ್ಮಸಾಕ್ಷಿ ಇರಲಿ ಎಂದಿತು. ಹನ್ನೊಂದು ಕಾಗದಗಳು ಇರಲಿ ಎಂದವು. "ತೆಗೀರಿ," ಎಂದೆ ನಾನು. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಬೇರೆಯವರ ತಕ್ಕಡಿಯ ಕೆಳಗೆ ಅಂಟಿಸಿದ ಅಯಸ್ಕಾಂತವನ್ನು ನಾಲ್ಕು ಮಾರು ದೂರದಿಂದ ಕಂಡುಹಿಡಿಯುವ ನಾನು, ನನ್ನ ತಕ್ಕಡಿಯ ತಟ್ಟೆಯ ಮೇಲೆ ನಾನೇ ಕೈಯೂರಿ ನಿಂತಿದ್ದೆ.

ಮುಂದಿನ ಸುತ್ತಾಟದಿಂದ ಮರಳುವ ದಿನ ಬಂತು. ನೀರಿನ ಟ್ಯಾಂಕಿನ ಆಚೆ ದೊಡ್ಡ ರಸ್ತೆ ತಿರುಗುವಲ್ಲಿಂದಲೇ ನನ್ನ ಸದ್ದು ಮನೆಗೆ ಕೇಳುತ್ತದೆ. ಅಲ್ಲಿಂದ ಮನೆಗೆ ಎರಡು ನಿಮಿಷದ ದಾರಿ. ಟ್ಯಾಂಕು ದಾಟಿ, ನಮ್ಮ ಬೀದಿಯ ಇಳಿಜಾರು ಇಳಿದು ಗೇಟಿನ ಮುಂದೆ ನಿಂತೆ. ಬಾಗಿಲು ತೆರೆದಿತ್ತು. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು.

"ಬಂದ್ರಾ?" ಎಂದಳು.

ಒಂದೇ ಒಂದು ಮಾತು. ಹೆಲ್ಮೆಟ್ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಪಟ್ಟಿ ಸಿಕ್ಕಿಕೊಂಡಿತ್ತು ಎಂದು ಅವಳಿಗೆ ಹೇಳಿದೆ.

ಒಳಗೆ ಬಿಸಿ ಟೀ ಕಾದಿತ್ತು. ಕುರ್ಚಿಯ ಮೇಲೆ ಸದಾ ಗುಡ್ಡೆ ಬಿದ್ದಿರುತ್ತಿದ್ದ ಬಟ್ಟೆ ಮಂಗಮಾಯವಾಗಿತ್ತು. ಅತ್ತೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಗುಂಡಿಯನ್ನೇ ದಿಟ್ಟಿಸುತ್ತಿದ್ದರು. ಟಿವಿ ಬಂದ್ ಆಗಿತ್ತು. ನ್ಯಾಯಾಧೀಶರು ಒಳಗೆ ಬಂದಾಗ ಕೋರ್ಟಿನಲ್ಲಿರುವಂಥ ಮೌನ. ಮೂರು ವಾರ, ಬಂದಾಗಲೆಲ್ಲ ಇದೇ ರಾಜೋಪಚಾರ. ಟೀ ಕುಡಿದು ಕಪ್ಪು ಇಡಲು ಹೋದರೆ ತೊಟ್ಟಿಯಲ್ಲಿ ಆಗಲೇ ಮೂರು ಕಪ್ಪು ಇರುತ್ತಿದ್ದವು. ಮನೆಯಲ್ಲಿರುವುದು ಇಬ್ಬರು. ಹಿತ್ತಲ ಬಾಗಿಲ ಚಿಲಕ ಇನ್ನೂ ಅಲ್ಲಾಡುತ್ತಿರುತ್ತಿತ್ತು. ಇದನ್ನೆಲ್ಲ ನಾನು ಗಮನಿಸಿದೆ. ಆದರೆ ತನಗೆ ಅನುಕೂಲವಾದ ತೂಕವನ್ನು ಯಾರೂ ಎರಡನೇ ಸಲ ತೂಗುವುದಿಲ್ಲ.

ನಾಲ್ಕನೇ ವಾರ ಪಕ್ಕದ ಮನೆಯ ನರ್ಸಮ್ಮ ಬಂದರು. ರಾತ್ರಿ ಪಾಳಿಯ ಕೆಲಸ, ಹಗಲು ನಿದ್ದೆ. ಕೆಂಪು ಕಣ್ಣು, ಕೈಯಲ್ಲಿ ಹಳದಿಗಟ್ಟಿದ ಪೇಪರಿನ ತುಣುಕು.

"ಇದು ನೀವೇ ಬರೆದಿದ್ದಲ್ವಾ ಅಣ್ಣ? ಓದ್ತೀನಿ ಕೇಳಿ. 'ಬೀದಿಯಲ್ಲಿ ಗುಡುಗುವವನ ಮಾತನ್ನು'..."

"ಗೊತ್ತು, ಗೊತ್ತು."

"ನಮ್ಮ ವಾರ್ಡಿನ ಗೋಡೆಗೆ ಅಂಟಿಸಿದ್ದೆ ಇದನ್ನ. ಬಂದೋರಿಗೆಲ್ಲ ತೋರಿಸ್ತಿದ್ದೆ, ನಮ್ಮ ಪಕ್ಕದ ಮನೆಯವರು ಅಂತ. ಮಧ್ಯಾಹ್ನ ಕಣ್ಣು ಹತ್ತೋ ಹೊತ್ತಿಗೆ ಮಂಚ ನಡುಗುತ್ತೆ. ಭೂಕಂಪ ಅಂತ ಎದ್ದು ನೋಡಿದ್ರೆ ನೀವು. ಏನ್ ಮಾಡ್ಲಿ, ನೀವೇ ಹೇಳಿ. ಗೋಡೆಯಿಂದ ಕಿತ್ಕೊಂಡು ಬಂದಿದ್ದೀನಿ."

ನಾಲ್ಕು ಮೂಲೆಯಲ್ಲಿ ಅಂಟಿನ ಗುರುತು ಇತ್ತು. ನಾನು ಊರಿನ ಎಷ್ಟೋ ಜನರಿಗೆ ಬರಹದಲ್ಲಿ ಕಪಾಳಕ್ಕೆ ಹೊಡೆದಿದ್ದೇನೆ. ಹೊಡೆಸಿಕೊಂಡರೆ ಹೇಗಿರುತ್ತದೆಂದು ಅವತ್ತು ತಿಳಿಯಿತು.

ಆ ಸಣ್ಣ ಕೊಳವೆಯನ್ನು ಮತ್ತೆ ಹಾಕಿಸಿದ್ದರೆ ಮುಗಿಯುತ್ತಿತ್ತು. ಹಾಕಿಸಲಿಲ್ಲ. "ಬಂದ್ರಾ?" ಎಂಬ ಮಾತನ್ನು ಅರ್ಧ ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೂಡಿದೆ. ಸಂಜೆ ಬಂದರೆ ದೊಡ್ಡಪ್ಪನ ಸವಾರಿ. ಮಧ್ಯಾಹ್ನ ಬಂದರೆ ತಿರುವಿಗೂ ಮೊದಲೇ ಗೇರು ಏರಿಸಿ, ಇಂಜಿನ್ನಿಗೆ ಉಸಿರೂ ಕೊಡದೆ ಮೆಲ್ಲಗೆ ಟ್ಯಾಂಕಿನವರೆಗೆ ಬಂದು, ಅಲ್ಲಿ ಬಂದ್ ಮಾಡಿ ಇಳಿಜಾರಿನಲ್ಲಿ ಸುಮ್ಮನೆ ಜಾರಿಕೊಂಡು ಬರುವುದು.

ಮೊದಲ ಮಧ್ಯಾಹ್ನವೇ ಹಾಗೆ ಜಾರಿಕೊಂಡು ಬಂದೆ. ಚಕ್ರದ ಕೆಳಗಿನ ಮರಳಿನ ಸದ್ದೊಂದೇ. ಗೇಟಿನ ಮುಂದೆ ನಿಲ್ಲಿಸಿ, ಬಾಗಿಲಿನತ್ತ ಹೆಜ್ಜೆ ಇಟ್ಟವನು ಅಲ್ಲೇ ನಿಂತೆ. ಒಳಗೆ ನಗು. ಮೂವರ ನಗು. ಮೂರರಲ್ಲಿ ಒಂದು ನನ್ನ ಹೆಂಡತಿಯದು. ನಗುತ್ತ ನಗುತ್ತ ಉಸಿರು ಸಿಕ್ಕದೆ ಕೊನೆಗೆ ಒಂದು ಸಣ್ಣ ಬಿಕ್ಕಳಿಕೆ ತೆಗೆಯುವ ನಗು. ಅದು ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಆಮೇಲೆ, ಆಮೇಲೆ?" ಎನ್ನುತ್ತಿದ್ದರು ನರ್ಸಮ್ಮ. ಅವತ್ತು ಅವರಿಗೆ ರಜೆ ಎಂದು ನನಗೇನು ಗೊತ್ತು.

"ಆಮೇಲೇನು. ಪೋಸ್ಟಾಫೀಸಿನ ದೊಡ್ಡ ಮೇಡಂ ಪರದೆ ಹಿಂದೆ ನಿಂತು ಹೊಸ ಗೌನು ಹಾಕಿ ನೋಡ್ತಿದ್ದಾರೆ. 'ಈ ಥರದ್ದು ಊರಲ್ಲಿ ಇನ್ನೊಬ್ಬರ ಹತ್ರ ಇರಕೂಡದು' ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಅವರ ಕೈಕೆಳಗಿನ ಕ್ಲರ್ಕಮ್ಮ. ಅವರಿಗೆ ಹೊಲಿದಿಟ್ಟಿದ್ದೂ ಅದೇ ಬಟ್ಟೆ, ಅದೇ ಗೌನು. ಅವರಿಗೂ ಅದೇ ಆಣೆ ಹಾಕಿದ್ದೆ. ನನ್ನ ಬಾಯ್ತುಂಬ ಗುಂಡುಪಿನ್ನು, ಮಾತಾಡೋ ಹಾಗಿಲ್ಲ. ಕ್ಲರ್ಕಮ್ಮನ್ನ ಹಾಗೇ ಅಡುಗೆಮನೆಗೆ ತಳ್ಳಿದೆ, ಅಲ್ಲೇ ಹಾಕ್ಕೊಳ್ಳಿ ಅಂತ ಸನ್ನೆ ಮಾಡಿ. ನಮ್ಮಮ್ಮ ಏನ್ ಮಾಡಿದ್ಲು ಗೊತ್ತಾ?"

"ನಾನೇನ್ ಮಾಡ್ದೆ?" ಎಂದರು ಅತ್ತೆ, ಮಾಡಿದ್ದರ ಹೆಮ್ಮೆಯಲ್ಲಿ. "ಇರು, ಇರು. ಸದ್ದು ಕೇಳಿಸ್ತಾ?"

"ಇಲ್ಲಮ್ಮ. ಬಂದ್ರೆ ಟ್ಯಾಂಕಿನ ಆಚೆಯಿಂದ್ಲೇ ಗೊತ್ತಾಗುತ್ತಲ್ಲ. ಇಷ್ಟು ದಿನಕ್ಕೆ ಒಂದು ಪುಣ್ಯದ ಕೆಲಸ ಮಾಡಿದ್ದಾರೆ ನೋಡು. ಮೊದಲಾದ್ರೆ ಯಾವಾಗ ಬಂದು ಬಾಗಿಲಲ್ಲಿ ನಿಲ್ತಾರೋ, ಎಷ್ಟು ಕೇಳಿಸ್ಕೊಂಡ್ರೋ ಅಂತ ಎದೆ ಧಸಕ್ ಅನ್ನೋದು. ಹಾಲಿನವರಾ ಅಂತ ಕೇಳಿ ಸಾಕಾಗಿತ್ತು. ಈಗ ನೆಮ್ಮದಿ. ಕೂತಿದ್ದೋರನ್ನ ಹಿತ್ತಲಿಂದ ಕಳ್ಸೋಕೆ ಎರಡು ನಿಮಿಷ ಸಿಗುತ್ತೆ."

"ಅಯ್ಯೋ, ನಾನು ಸುಮ್ಮನೆ ಬೈದ್ಬಿಟ್ಟೆ ಅಣ್ಣನ್ನ," ಎಂದರು ನರ್ಸಮ್ಮ. "ಹೋಗ್ಲಿ, ಇದನ್ನೆಲ್ಲ ಅವರಿಗೂ ಹೇಳ್ಬಾರ್ದಾ ಅಕ್ಕ? ನಗ್ತಾರೆ."

ಸ್ವಲ್ಪ ಹೊತ್ತು ಮೆಷಿನ್ನಿನ ಚಕ್ರ ತಿರುಗಿದ ಸದ್ದು.

"ಹೇಳ್ತಿದ್ದೆ ಮೊದಲು. ಎಲ್ಲ ಹೇಳ್ತಿದ್ದೆ. ನಗ್ಲಿ ಅಂತ ನಾನು ಹೇಳಿದ್ದನ್ನ ಅವರು ತೂಕಕ್ಕೆ ಹಾಕ್ತಾರೆ. ಯಾರದು ತಪ್ಪು, ಯಾರದು ಸರಿ, ಸಮಾಜ ಎಲ್ಲಿಗೆ ಹೋಗ್ತಿದೆ. ಭಾನುವಾರ ನೋಡಿದ್ರೆ ಪೇಪರಲ್ಲಿ. ನಮ್ಮಕ್ಕನ ಸಂಸಾರದ ವಿಷಯ ಒಂದ್ಸಲ ಹೇಳಿ ಅತ್ತಿದ್ದೆ. ಹೆಸರಿಲ್ಲದೆ ಬರೆದ್ರು, ಆದ್ರೆ ಅಕ್ಕನಿಗೆ ಓದೋಕೆ ಬರುತ್ತಲ್ಲ. ಎರಡು ವರ್ಷ ನನ್ನ ಹತ್ರ ಮಾತು ಬಿಟ್ಲು. ಅವತ್ತಿಂದ ನಾನೂ ಸರಿ ಅಂತೀನಿ, ಏನಿಲ್ಲ ಅಂತೀನಿ. ಕೆಟ್ಟೋರಲ್ಲ ಅವರು. ಅವರ ಮುಂದೆ ಮಾತಾಡಿದ್ರೆ ಅಚ್ಚಾಗಿಬಿಡುತ್ತೆ, ಅಷ್ಟೇ."

ಆ ಬರಹ ನನಗೆ ಚೆನ್ನಾಗಿ ನೆನಪಿತ್ತು. ಅದಕ್ಕೆ ಹದಿನಾಲ್ಕು ಕಾಗದ ಬಂದಿದ್ದವು.

"ಬಿಡು, ಅಮ್ಮ ಏನ್ ಮಾಡಿದ್ಲು ಅಂದ್ರೆ," ಎಂದು ಹೆಂಡತಿ ಮತ್ತೆ ಶುರುಮಾಡಿದಳು. "ಅಡುಗೆಮನೇಲಿದ್ದ ಕ್ಲರ್ಕಮ್ಮನಿಗೆ ಕನ್ನಡಿ ಬೇಕು ಅಂತ ಪರದೆ ಹತ್ರಾನೇ ಕರ್ಕೊಂಡು ಬಂದ್ಲು. ಕನ್ನಡಿ ಇರೋದು ಪರದೆ ಹಿಂದೆ. ಪರದೆ ಎಳೆದ್ಲು. ದೊಡ್ಡ ಮೇಡಂ ಎದುರಿಗೆ ಅದೇ ಗೌನು ನೋಡಿ, ಕನ್ನಡಿ ಅಂದ್ಕೊಂಡು ತಲೆ ಬಾಚ್ಕೊಳ್ಳೋಕೆ ಶುರುಮಾಡಿದ್ರು..."

ನನಗೆ ನಗು ತಡೆಯಲಾಗಲಿಲ್ಲ. ಬಾಯಿ ಒತ್ತಿ ಹಿಡಿದರೂ ಮೂಗಿನಿಂದ ಹೊರಬಿತ್ತು. ಒಳಗೆ ತಟ್ಟನೆ ಮೌನ.

"ಯಾರದು?"

ನಾನು ಗಾಡಿಯ ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಐವತ್ತೆಂಟು ವರ್ಷ, ಸ್ವಂತ ಮನೆ, ಸ್ವಂತ ಗೇಟು.

"ಅಳಿಯಂದ್ರೇನೇ?" ಎಂದರು ಅತ್ತೆ ಪಿಸುದನಿಯಲ್ಲಿ.

"ಅವರಾದ್ರೆ ಸದ್ದು ಕೇಳಿಸ್ತಿತ್ತಲ್ಲ. ಬೆಕ್ಕಿರ್ಬೇಕು."

ಒಳಗೆ ಹೋಗಿ "ಆಮೇಲೇನಾಯ್ತು?" ಎಂದು ಕೇಳಬಹುದಿತ್ತು. ಕೇಳಿದ್ದರೆ "ಏನಿಲ್ಲ" ಎನ್ನುತ್ತಿದ್ದಳು, ಪೋಸ್ಟಾಫೀಸಿನ ಇಬ್ಬರೂ ಹೆಂಗಸರು ಆ ಕನ್ನಡಿಯ ಮುಂದೆ ಹಾಗೆಯೇ ನಿಂತುಬಿಡುತ್ತಿದ್ದರು. ಆ ಕಥೆ ಮುಗಿಯಬೇಕಾದರೆ ನಾನು ಅಲ್ಲಿರಬಾರದು. ಎದ್ದು, ಸ್ಟ್ಯಾಂಡು ಸದ್ದಾಗದಂತೆ ಮೇಲಕ್ಕೆತ್ತಿ, ಗಾಡಿಯನ್ನು ತಿರುಗಿಸಿ, ಬಂದ ಇಳಿಜಾರನ್ನು ಏರುದಾರಿಯಾಗಿ ತಳ್ಳತೊಡಗಿದೆ. ಎಡದ ಪೆಟ್ಟಿಗೆಯಲ್ಲಿ ತೂಕದ ಕಲ್ಲುಗಳು. ಅವುಗಳ ತೂಕ ಇಂತಿಷ್ಟೇ ಎಂದು ಮುದ್ರೆ ಹಾಕಿಸಿ ತಂದವನು ನಾನೇ. ಅವತ್ತು ಆ ಮುದ್ರೆಯ ಮೇಲೆ ನನಗೂ ಅನುಮಾನ ಬಂತು. ಮೂರು ಕಡೆ ನಿಂತೆ. ಎದುರಿಗೆ ಬಂದ ಹಾಲಿನವರು "ಪೆಟ್ರೋಲ್ ಮುಗೀತಾ?" ಎಂದರು. ಹೌದೆಂದೆ.

ಟ್ಯಾಂಕಿನ ಹತ್ತಿರ ಉಸಿರು ಸಿಕ್ಕ ಮೇಲೂ ತಕ್ಷಣ ಶುರುಮಾಡಲಿಲ್ಲ. ಕಥೆ ಮುಗಿಯಲಿ, ನಗು ಮುಗಿಯಲಿ, ಬಿಕ್ಕಳಿಕೆಯೂ ಬಂದುಹೋಗಲಿ ಎಂದು ಕಾದೆ. ಆಮೇಲೆ ಇಂಜಿನ್ ಹಚ್ಚಿ, ನಿಂತಲ್ಲೇ ಎರಡು ನಿಮಿಷ ಗುಡುಗಿಸಿದೆ. ಮೂರು ಕಪ್ಪು ತೊಟ್ಟಿಗೆ ಹೋಗಲು, ಬಟ್ಟೆ ಕುರ್ಚಿಯಿಂದ ಇಳಿಯಲು, ಹಿತ್ತಲ ಬಾಗಿಲು ತೆರೆದು ಮುಚ್ಚಲು ಸಾಕು. ಸಾಲದಿದ್ದರೆ ಎಂದು ಇನ್ನರ್ಧ ನಿಮಿಷ ಸೇರಿಸಿದೆ. ಗಿರಾಕಿಗೆ ತೂಕದಲ್ಲಿ ಸ್ವಲ್ಪ ಹೆಚ್ಚೇ ಕೊಡಬೇಕು.

"ಬಂದ್ರಾ?" ಎಂದಳು ಬಾಗಿಲಲ್ಲಿ. ಕಣ್ಣಂಚು ಇನ್ನೂ ಒದ್ದೆಯಾಗಿತ್ತು. "ಏನ್ರೀ ಇಷ್ಟು ಬೆವರಿದ್ದೀರಿ? ಗಾಡಿ ಮೇಲೆ ಬಂದ್ರೋ, ಗಾಡೀನ ಹೊತ್ಕೊಂಡು ಬಂದ್ರೋ?"

"ಸೆಕೆ," ಎಂದೆ. "ಏನು ಸಮಾಚಾರ?"

"ಏನಿಲ್ಲ."

ಟೀ ಬಿಸಿಯಾಗಿತ್ತು. ಅತ್ತೆ ಗುಂಡಿಯನ್ನು ದಿಟ್ಟಿಸುತ್ತಿದ್ದರು, ತುಟಿ ಮಾತ್ರ ನಡುಗುತ್ತಿತ್ತು. ದೊಡ್ಡ ಮೇಡಂ ತಲೆ ಬಾಚಿಕೊಂಡ ಮೇಲೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಬರೆಯಬಾರದಿತ್ತು. ಬರೆದಿದ್ದೇನೆ. ಗೌನು, ಪರದೆ, ಆಣೆ ಸಮೇತ ಎಲ್ಲ ಅಚ್ಚಿಗೆ ಹೋಗುತ್ತದೆ, ಭಾನುವಾರ ಅವಳ ಕೈಗೂ ಬರುತ್ತದೆ. ಅವಳು ಓದಿ ಏನೂ ಹೇಳುವುದಿಲ್ಲ. ಗೊತ್ತಿದ್ದೂ ಬರೆದೆ, ಏಕೆಂದರೆ ಹೇಳಿಕೊಳ್ಳಲು ನನಗೆ ಉಳಿದಿರುವವರು ನೀವೊಬ್ಬರೇ, ನಿಮ್ಮ ಮುಖವನ್ನೂ ನಾನು ಕಂಡಿಲ್ಲ. ಆದ್ದರಿಂದ ಮೆಚ್ಚಿ ಕಾಗದ ಬರೆಯಬೇಡಿ.

ಪೇಪರ್ ಮಡಚಿ ಕೆಳಗಿಡಿ. ಪಕ್ಕದ ಕೋಣೆಯಲ್ಲಿ ನಿಮ್ಮವರು ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ. ಎದ್ದು ಹೋಗಿ. ನಿಮ್ಮನ್ನು ಕಂಡು ಮಾತು ನಿಂತರೆ ವಾಪಸು ಬರಬೇಡಿ, ತೀರ್ಪನ್ನೂ ಕೊಡಬೇಡಿ. ನೆಲದ ಮೇಲೆ ಕೂತು "ಆಮೇಲೇನಾಯ್ತು?" ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಅಲ್ಲಿಂದ ಏಳಬೇಡಿ.